ಬಣ್ಣದ ಪೆಟ್ಟಿಗೆಯೂ ವಯಸ್ಸಿನ ಸರ್ಟಿಫಿಕೇಟೂ

ತಪಸ್ಸುಕಾಲ ಬಂತೆಂದರೆ ನಮ್ಮ ಕರಾವಳಿಯ ಅನೇಕ ಚರ್ಚ್ ಸಭಾಂಗಣಗಳಲ್ಲಿ ಪರದೆ ಕಟ್ಟಿ, ಪ್ರೊಜೆಕ್ಟರ್ ಇಟ್ಟು ಯೇಸುಸ್ವಾಮಿಯ ಯಾತನೆಯ ಚಲನಚಿತ್ರ ತೋರಿಸುವುದುಂಟು. ಮೆಲ್ ಗಿಬ್ಸನ್ ನಿರ್ದೇಶನದ 'ದಿ ಪ್ಯಾಶನ್ ಆಫ್ ದಿ ಕ್ರೈಸ್ಟ್' 2004ರಲ್ಲಿ ತೆರೆಕಂಡ ಮೇಲೆ ಹೆಚ್ಚಿನವರು ಕೇಳುವುದು ಅದನ್ನೇ. ಆದರೆ ಏರ್ಪಾಡಿನ ಸಭೆಯಲ್ಲಿ ಯಾರಾದರೂ ಒಬ್ಬರು, ಹೆಚ್ಚಾಗಿ ಸಣ್ಣ ಮಕ್ಕಳ ತಾಯಿಯೋ ಕ್ರೈಸ್ತ ಶಿಕ್ಷಣದ ಟೀಚರೋ, ಕೇಳಿಯೇ ಕೇಳುತ್ತಾರೆ: "ಅದಕ್ಕೆ 'ಎ' ಸರ್ಟಿಫಿಕೇಟ್ ಅಲ್ವಾ? ಮಕ್ಕಳಿಗೆ ತೋರಿಸಬಹುದಾ?" ಕೂಡಲೇ ಹಿಂದಿನ ಸಾಲಿನಿಂದ ಉತ್ತರ ಬರುತ್ತದೆ: "ಯೇಸುವಿನ ಕತೆಗೂ 'ಎ' ಸರ್ಟಿಫಿಕೇಟಾ? ಅದರಲ್ಲಿ ಅಂಥದ್ದು ಎಂತ ಉಂಟು ಮಾರಾಯ್ರೇ?"

ಎರಡೂ ನ್ಯಾಯವಾದ ಪ್ರಶ್ನೆಗಳೇ. ಉತ್ತರ ಹುಡುಕಲು ನಾವು ಕಥೆಯನ್ನು ಬಿಟ್ಟು ಮೇಕಪ್ ಕೋಣೆಗೆ ಹೋಗಬೇಕಾಗುತ್ತದೆ. ಏಕೆಂದರೆ ಕಥೆ ಎಲ್ಲರಿಗೂ ಗೊತ್ತಿರುವುದೇ. 1977ರಲ್ಲಿ ಫ್ರಾಂಕೊ ಜೆಫಿರೆಲ್ಲಿ ಟಿ.ವಿ.ಗಾಗಿ ನಿರ್ಮಿಸಿದ 'ಜೀಸಸ್ ಆಫ್ ನಜರೆತ್' ಚಿತ್ರದಲ್ಲಿಯೂ ಕೊರಡೆಯ ಏಟು ಇದೆ, ಮುಳ್ಳಿನ ಕಿರೀಟ ಇದೆ, ಶಿಲುಬೆ ಇದೆ. ರಕ್ತವೂ ಇದೆ. ಆದರೆ ಕೊನೆಯವರೆಗೂ ನಟ ರಾಬರ್ಟ್ ಪೊವೆಲ್‌ರ ಮುಖ ನಮಗೆ ಗುರುತು ಸಿಗುತ್ತದೆ. ಗಿಬ್ಸನ್‌ರ ಚಿತ್ರದಲ್ಲಿ ಜಿಮ್ ಕ್ಯಾವಿಜೆಲ್‌ರ ಒಂದು ಕಣ್ಣು ಬಂಧನದ ಹೊತ್ತಿಗೇ ಬಾತು ಮುಚ್ಚಿಹೋಗುತ್ತದೆ. ಕಥೆ ಒಂದೇ, ಮುಖ ಬೇರೆ.

ಮೊದಲು ಕಾನೂನಿನ ವಿಷಯ ಹೇಳಿಬಿಡೋಣ. ನಮ್ಮ ದೇಶದಲ್ಲಿ ಸಾರ್ವಜನಿಕವಾಗಿ ತೋರಿಸುವ ಚಲನಚಿತ್ರಕ್ಕೆ 1952ರ ಸಿನಿಮಾಟೋಗ್ರಾಫ್ ಕಾಯ್ದೆಯಂತೆ ಕೇಂದ್ರ ಚಲನಚಿತ್ರ ಪ್ರಮಾಣೀಕರಣ ಮಂಡಳಿಯ ಸರ್ಟಿಫಿಕೇಟ್ ಬೇಕು. ಜನರ ಬಾಯಲ್ಲಿ ಅದು ಇಂದಿಗೂ ಸೆನ್ಸಾರ್ ಬೋರ್ಡೇ. 1983ರಿಂದ ಎಲ್ಲರೂ ನೋಡಬಹುದಾದ 'ಯು', ಹೆತ್ತವರ ವಿವೇಚನೆಗೆ ಬಿಟ್ಟ 'ಯು/ಎ', 18 ತುಂಬಿದವರಿಗೆ ಮಾತ್ರವಾದ 'ಎ', ವೈದ್ಯರಂತಹ ವಿಶೇಷ ವರ್ಗದವರಿಗಾದ 'ಎಸ್' ಎಂಬ ನಾಲ್ಕು ದರ್ಜೆಗಳಿದ್ದವು. 2023ರ ತಿದ್ದುಪಡಿಯ ಬಳಿಕ 'ಯು/ಎ'ಯನ್ನು 7, 13 ಮತ್ತು 16 ವರ್ಷ ಮೇಲ್ಪಟ್ಟವರೆಂದು ಮೂರಾಗಿ ಒಡೆಯಲಾಗಿದೆ. 'ಎ' ಚಿತ್ರವನ್ನು ಅಪ್ರಾಪ್ತರಿಗೆ ಸಾರ್ವಜನಿಕವಾಗಿ ತೋರಿಸುವುದು ಕಾಯ್ದೆಯಂತೆ ಅಪರಾಧ. ಟಿಕೆಟ್ ಇಲ್ಲದ ಪ್ರದರ್ಶನವಾದ ಮಾತ್ರಕ್ಕೆ, ಆಶಯ ಒಳ್ಳೆಯದಾದ ಮಾತ್ರಕ್ಕೆ ಆ ಮುದ್ರೆ ಅಳಿಸಿಹೋಗುವುದಿಲ್ಲ. 'ದಿ ಪ್ಯಾಶನ್' ನಮ್ಮಲ್ಲಿ ಬಿಡುಗಡೆಯಾದದ್ದು 'ಎ' ಸರ್ಟಿಫಿಕೇಟಿನೊಂದಿಗೆ. ಆದ್ದರಿಂದ ಆ ತಾಯಿಯ ಪ್ರಶ್ನೆಗೆ ಉತ್ತರ ಸರಳ. ಎರಡನೆಯ ಪ್ರಶ್ನೆಯೇ ಕಷ್ಟದ್ದು.

ಸಾಮಾನ್ಯವಾಗಿ ನಾವು ತಿಳಿದುಕೊಂಡಿರುವುದು ಹೀಗೆ: ಚಿತ್ರ ತಯಾರಾಗುತ್ತದೆ, ಮಂಡಳಿಯವರು ನೋಡುತ್ತಾರೆ, ಮುದ್ರೆ ಒತ್ತುತ್ತಾರೆ. ವಾಸ್ತವದಲ್ಲಿ ದೊಡ್ಡ ಚಿತ್ರಗಳಲ್ಲಿ ಯಾವ ಮುದ್ರೆ ಬೇಕು ಎಂಬುದು ಚಿತ್ರೀಕರಣಕ್ಕೆ ಮೊದಲೇ ತೀರ್ಮಾನವಾಗಿರುತ್ತದೆ. ಇಂಥ ದರ್ಜೆ ಮೀರದ ಚಿತ್ರವನ್ನೇ ಒಪ್ಪಿಸಬೇಕು ಎಂದು ಹಾಲಿವುಡ್‌ನಲ್ಲಿ ನಿರ್ದೇಶಕರ ಕರಾರಿನಲ್ಲಿಯೇ ಬರೆಯುವುದುಂಟು. ಕಾರಣ ಹಣ. ಮಕ್ಕಳು ಬಂದರೆ ಇಡೀ ಕುಟುಂಬ ಬರುತ್ತದೆ. ನಮ್ಮಲ್ಲಿಯೂ 'ಎ' ಚಿತ್ರವನ್ನು ಇದ್ದ ಹಾಗೆಯೇ ಟಿ.ವಿ. ವಾಹಿನಿಯಲ್ಲಿ ಪ್ರಸಾರ ಮಾಡುವಂತಿಲ್ಲ. ಕತ್ತರಿಸಿ 'ಯು/ಎ' ಮಾಡಿಸಿಕೊಳ್ಳಬೇಕು. ಹೀಗಾಗಿ ಮೇಕಪ್ ಕಲಾವಿದರು ಚಿತ್ರಕಥೆ ಓದುವಾಗಲೇ ಮನಸ್ಸಿನಲ್ಲಿ ಒಂದು ವಯಸ್ಸು ಇಟ್ಟುಕೊಂಡಿರುತ್ತಾರೆ. ಗಾಯ ಹಸಿಯೋ, ಒಣಗಿದ್ದೋ? ರಕ್ತ ಹರಿಯುತ್ತಿದೆಯೋ, ಹೆಪ್ಪುಗಟ್ಟಿದೆಯೋ? ಯಾರ ರಕ್ತ, ಮನುಷ್ಯನದೋ ರಾಕ್ಷಸನದೋ? ಎಷ್ಟು ಹೊತ್ತು ಕಾಣಬೇಕು? ಒಂದೇ ದೃಶ್ಯವನ್ನು ರಕ್ತ ಸಹಿತವಾಗಿ ಒಮ್ಮೆ, ರಕ್ತವಿಲ್ಲದೆ ಇನ್ನೊಮ್ಮೆ ತೆಗೆದಿಟ್ಟುಕೊಳ್ಳುವ ಜಾಣರೂ ಇದ್ದಾರೆ.

ಅಮೆರಿಕದಲ್ಲಿ ಈ ದರ್ಜೆಯ ಪದ್ಧತಿ ಶುರುವಾದದ್ದು 1968ರ ನವೆಂಬರ್ 1ರಂದು. ಅಲ್ಲಿ ಇದನ್ನು ನಡೆಸುವುದು ಸರಕಾರವಲ್ಲ, ಚಿತ್ರೋದ್ಯಮವೇ ಕಟ್ಟಿಕೊಂಡ ಸಂಸ್ಥೆ. 'ಜಿ' ಎಂದರೆ ಎಲ್ಲರಿಗೂ, 'ಪಿಜಿ' ಎಂದರೆ ಹೆತ್ತವರು ವಿಚಾರಿಸಿ ನೋಡಿ, 'ಆರ್' ಎಂದರೆ 17ರ ಒಳಗಿನವರು ದೊಡ್ಡವರ ಜೊತೆ ಮಾತ್ರ. ಈ ವ್ಯವಸ್ಥೆಯಲ್ಲಿ ಒಂದು ತಲೆ ಹೇಗೆ ದರ್ಜೆಯನ್ನು ಬದಲಿಸಬಲ್ಲದು ಎಂಬುದಕ್ಕೆ 1981ರ 'ರೈಡರ್ಸ್ ಆಫ್ ದಿ ಲಾಸ್ಟ್ ಆರ್ಕ್' ಒಳ್ಳೆಯ ಉದಾಹರಣೆ. ದೇವರ ಒಡಂಬಡಿಕೆಯ ಮಂಜೂಷವನ್ನು ದುರಾಸೆಯಿಂದ ತೆರೆದ ಮೂವರು ಖಳರು ಕೊನೆಯ ದೃಶ್ಯದಲ್ಲಿ ಸಾಯುತ್ತಾರೆ. ಒಬ್ಬನ ಮುಖ ಕರಗಿ ಇಳಿಯಬೇಕು. ಕ್ರಿಸ್ ವಾಲಸ್ ಮತ್ತು ಸಂಗಡಿಗರು ಶಾಖ ತಡೆಯುವ ತಲೆಬುರುಡೆಯ ಮೇಲೆ ಬೇರೆ ಬೇರೆ ಬಣ್ಣದ ಜೆಲಾಟಿನ್ ಪದರಗಳನ್ನು ಎರಕ ಹೊಯ್ದು ನಟನ ಮುಖದ ಅಚ್ಚು ಮಾಡಿದರು. ಜೆಲಾಟಿನ್ ಎಂದರೆ ಜೆಲ್ಲಿ ಮಾಡಲು ಬಳಸುವ ಅದೇ ವಸ್ತು. ಪಕ್ಕದಲ್ಲಿ ಗ್ಯಾಸ್ ಹೀಟರ್ ಇಟ್ಟು, ನಿಧಾನಕ್ಕೆ ಕರಗುವುದನ್ನು ಕಡಿಮೆ ವೇಗದ ಕ್ಯಾಮೆರಾದಲ್ಲಿ ಹಿಡಿದರು. ತೆರೆಯ ಮೇಲೆ ಅದು ಕ್ಷಣಾರ್ಧದಲ್ಲಿ ಮೇಣದಂತೆ ಇಳಿದುಹೋಗುತ್ತದೆ.

ಆ ಮುಖಕ್ಕೆ ಪಿಜಿ ಸಿಕ್ಕಿತು. ತಕರಾರು ಬಂದದ್ದು ಇನ್ನೊಂದು ತಲೆಗೆ. ಬೆಲ್ಲೋಕ್ ಎಂಬ ಪಾತ್ರದ ತಲೆ ಸಿಡಿದು ಚೂರಾಗುವುದನ್ನು ನೋಡಿದ ಮಂಡಳಿಯವರು ಚಿತ್ರಕ್ಕೆ 'ಆರ್' ಕೊಡಲು ಹೊರಟರು. ಆಗ ನಿರ್ಮಾಪಕರು ದೃಶ್ಯವನ್ನು ಕತ್ತರಿಸಲಿಲ್ಲ. ಸಿಡಿಯುವ ತಲೆಯ ಮುಂದೆ ಬೆಂಕಿಯ ಒಂದು ಕಂಬವನ್ನು ಚಿತ್ರದ ಮೇಲೆ ಚಿತ್ರವಾಗಿ ಕೂರಿಸಿದರು. ತಲೆ ಸಿಡಿಯುವುದು ಈಗಲೂ ಕಾಣುತ್ತದೆ, ಜ್ವಾಲೆಯ ಹಿಂದೆ. ಪಿಜಿ ದೊರೆಯಿತು. ಕರಗುವ ಮುಖ ಮಕ್ಕಳಿಗೆ ಸರಿ, ಸಿಡಿಯುವ ತಲೆ ಸರಿಯಲ್ಲ ಎಂಬುದರಲ್ಲಿ ಏನು ತರ್ಕ ಎಂದು ನೀವು ಕೇಳಬಹುದು. ಕರಗುವುದು ಜಗತ್ತಿನಲ್ಲಿ ಎಲ್ಲಿಯೂ ನಡೆಯದ ಸಂಗತಿ, ತಲೆ ಒಡೆಯುವುದು ನಡೆಯುವಂಥದ್ದು ಎಂಬುದೇ ನಮಗೆ ಹೊಳೆಯುವ ತರ್ಕ. ಈ ವ್ಯತ್ಯಾಸವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮೂರು ವರ್ಷಗಳ ಬಳಿಕ ಅದೇ ಸರಣಿಯ 'ಟೆಂಪಲ್ ಆಫ್ ಡೂಮ್' (1984) ಬಂತು. ಭಾರತದಲ್ಲಿ ಅನುಮತಿ ಸಿಗದೆ ಶ್ರೀಲಂಕಾದಲ್ಲಿ ಚಿತ್ರೀಕರಣವಾದ, ನಮ್ಮ ಅಮರೀಶ್ ಪುರಿಯವರು ಬರಿಗೈಯಿಂದ ಮನುಷ್ಯನ ಹೃದಯ ಕೀಳುವ ಚಿತ್ರ ಅದು. ಅದೇ ವರ್ಷ 'ಗ್ರೆಮ್ಲಿನ್ಸ್' ಕೂಡ ಬಂತು. ಎರಡಕ್ಕೂ ಪಿಜಿ. ಗೊಂಬೆಯಂಥ ಪ್ರಾಣಿಗಳನ್ನು ನೋಡಲು ಮಕ್ಕಳನ್ನು ಕರೆದುಕೊಂಡು ಹೋದ ತಂದೆತಾಯಂದಿರು ಸಿಟ್ಟಾದರು. ಸ್ಟೀವನ್ ಸ್ಪಿಲ್‌ಬರ್ಗ್‌ರ ಸಲಹೆಯಂತೆ ಆ ವರ್ಷದ ಜುಲೈಯಲ್ಲಿ ಪಿಜಿ-13 ಎಂಬ ನಡುವಿನ ದರ್ಜೆ ಹುಟ್ಟಿತು. ಆಮೇಲಿನ ಹಾಲಿವುಡ್‌ನ ಮೇಕಪ್ ಕಲೆಯ ದೊಡ್ಡ ಪಾಲು ಈ ಒಂದು ಗೆರೆಯ ಮೇಲೆ ಬೀಳದಂತೆ ನಡೆಯುವ ಕಸರತ್ತೇ ಆಗಿದೆ ಎಂದರೆ ತಪ್ಪಾಗದು.

ಕಸರತ್ತಿನ ಮೊದಲ ಉಪಾಯ ಬಣ್ಣ. ಸಿನಿಮಾ ರಕ್ತ ಎಂದರೆ ಬಹುಮಟ್ಟಿಗೆ ಸಕ್ಕರೆ ಪಾಕ ಮತ್ತು ಅಡುಗೆ ಬಣ್ಣ. ಕಪ್ಪು-ಬಿಳುಪಿನ 'ಸೈಕೋ' (1960) ಚಿತ್ರದಲ್ಲಿ ಹರಿದದ್ದು ಚಾಕಲೇಟ್ ಸಿರಪ್. ವರ್ಣಚಿತ್ರಗಳ ಕಾಲಕ್ಕೆ ಡಿಕ್ ಸ್ಮಿತ್ ಎಂಬ ಮಹಾನ್ ಮೇಕಪ್ ಕಲಾವಿದರು ನಿಜದಂತೆ ಕಾಣುವ ರಕ್ತದ ಪಾಕವನ್ನು ಕಂಡುಹಿಡಿದರು. ಅವರು ಕೆಲಸ ಮಾಡಿದ 'ಟ್ಯಾಕ್ಸಿ ಡ್ರೈವರ್' (1976) ಚಿತ್ರದ ಕೊನೆಯ ಗುಂಡಿನ ಕಾಳಗ ಎಷ್ಟು ನಿಜವಾಗಿ ಕಂಡಿತೆಂದರೆ 'ಎಕ್ಸ್' ದರ್ಜೆ ಬೀಳುವ ಭಯ ಬಂತು. ಒಂದು ಕಾಲಕ್ಕೆ ಗುರುವಾಗಬೇಕೆಂದು ಕಿರಿಯ ಸೆಮಿನರಿ ಸೇರಿದ್ದ ನಿರ್ದೇಶಕ ಮಾರ್ಟಿನ್ ಸ್ಕಾರ್ಸೇಸಿ, ಆ ದೃಶ್ಯದ ಬಣ್ಣವನ್ನು ಮಂಕು ಮಾಡಿ ಕೆಂಪನ್ನು ಕಂದು ಮಾಡಿಸಿದರು. 'ಆರ್' ಸಿಕ್ಕಿತು. 2003ರ 'ಕಿಲ್ ಬಿಲ್' ಚಿತ್ರದ ಮೊದಲ ಭಾಗದಲ್ಲಿ ಕತ್ತಿಕಾಳಗದ ಒಂದು ಭಾಗ ಅಮೆರಿಕದ ಪ್ರತಿಯಲ್ಲಿ ಕಪ್ಪು-ಬಿಳುಪು, ಜಪಾನಿನ ಪ್ರತಿಯಲ್ಲಿ ವರ್ಣ. 'ಲಾರ್ಡ್ ಆಫ್ ದಿ ರಿಂಗ್ಸ್' ಸರಣಿಯ ಮೂರೂ ಚಿತ್ರಗಳಲ್ಲಿ ಓರ್ಕ್ ಎಂಬ ರಾಕ್ಷಸರ ತಲೆಗಳು ಸಾಲುಸಾಲಾಗಿ ಉರುಳುತ್ತವೆ. ಆದರೆ ಅವರ ರಕ್ತ ಕಪ್ಪು, ಮುಖ ಮನುಷ್ಯರದ್ದಲ್ಲ. ಮೂರಕ್ಕೂ ಪಿಜಿ-13.

2008ರ 'ದಿ ಡಾರ್ಕ್ ನೈಟ್' ಇನ್ನೂ ಸೂಕ್ಷ್ಮ. ಅದರ ಜೋಕರ್ ಪಾತ್ರದ ಬಾಯಿಯ ಎರಡೂ ಬದಿ ಸೀಳಿದೆ, ಆದರೆ ಅದು ಎಂದೋ ಮಾಗಿದ ಗಾಯದ ಕಲೆ. ರಕ್ತ ಇಲ್ಲ. ಹೀತ್ ಲೆಡ್ಜರ್ ನಾಲಿಗೆಯಿಂದ ಅದನ್ನು ಸವರಿಕೊಳ್ಳುವಾಗ ಮೈ ನಡುಗುತ್ತದೆ, ಆದರೆ ದರ್ಜೆ ಕೊಡುವವರ ಪುಸ್ತಕದಲ್ಲಿ ಬರೆದುಕೊಳ್ಳಲು ಏನೂ ಸಿಗುವುದಿಲ್ಲ. ಅದೇ ಚಿತ್ರದಲ್ಲಿ ಹಾರ್ವಿ ಡೆಂಟ್‌ನ ಅರ್ಧ ಮುಖ ಸುಟ್ಟುಹೋಗುತ್ತದೆ. ಮೊದಲು ಆಸ್ಪತ್ರೆಯಲ್ಲಿ ಕಾಣುವಂಥ, ನಿಜಕ್ಕೆ ಹತ್ತಿರದ ಸುಟ್ಟ ಗಾಯದ ವಿನ್ಯಾಸಗಳನ್ನು ಮಾಡಿ ನೋಡಿದ್ದರು. ಅವು ನೋಡಲಾಗದಷ್ಟು ಭೀಕರವಾಗಿದ್ದವು, ಬದಲಿಗೆ ಅತಿಶಯವಾದ ವಿನ್ಯಾಸವೇ ನೋಡಲು ಸುಲಭವಾಯಿತು ಎಂದು ನಿರ್ದೇಶಕ ಕ್ರಿಸ್ಟೋಫರ್ ನೋಲನ್ ಹೇಳಿಕೊಂಡಿದ್ದಾರೆ. ಕೊನೆಗೆ ಕಂಪ್ಯೂಟರ್‌ನಲ್ಲಿ ಮಾಡಿದ, ಕೆನ್ನೆಯ ಒಳಗಿನ ಹಲ್ಲು ಮೂಳೆ ಕಾಣುವ, ಗುಡ್ಡೆ ಹೊರಬಂದ ಮುಖ ಚಿತ್ರಕ್ಕೆ ಬಂತು. ಅಂದರೆ ಹೆಚ್ಚು ವಿಕಾರವಾದದ್ದೇ ಕಡಿಮೆ ಹಿಂಸೆ! ಆದರೂ ಬ್ರಿಟನ್ನಿನಲ್ಲಿ ಈ ಚಿತ್ರಕ್ಕೆ ಕೊಟ್ಟ 12ಎ ದರ್ಜೆಯ ವಿರುದ್ಧ ಆ ವರ್ಷ ಅಲ್ಲಿನ ಮಂಡಳಿಗೆ ಬೇರೆಲ್ಲ ಚಿತ್ರಗಳಿಗಿಂತ ಹೆಚ್ಚು ದೂರುಗಳು ಹೋದವು. ರಕ್ತ ತೋರಿಸದಿದ್ದರೆ ಭಯ ಇಲ್ಲ ಎಂದು ತಂದೆತಾಯಂದಿರು ಒಪ್ಪಲಿಲ್ಲ.

ನೋಲನ್ ಹೇಳಿದ್ದು ಕರಾವಳಿಯವರಾದ ನಮಗೆ ಹೊಸತೇನಲ್ಲ. ತೆಂಕುತಿಟ್ಟಿನ ಬಣ್ಣದ ವೇಷ ನೋಡಿ ಬೆಳೆದವರು ನಾವು. ಚೌಕಿಯಲ್ಲಿ ಗಂಟೆಗಟ್ಟಲೆ ಕುಳಿತು, ಅಕ್ಕಿಹಿಟ್ಟು ಸುಣ್ಣ ಕಲಸಿ ಮುಖದ ತುಂಬ ಮುಳ್ಳುಮುಳ್ಳಾಗಿ ಚಿಟ್ಟಿ ಇಟ್ಟ ರಾಕ್ಷಸ ನಡುರಾತ್ರಿ ಅಬ್ಬರಿಸುತ್ತ ಬರುವಾಗ ಮಕ್ಕಳು ಅಮ್ಮನ ಸೆರಗಿಗೆ ಮುಖ ಒತ್ತುತ್ತಾರೆ, ಮತ್ತೆ ಇಣುಕುತ್ತಾರೆ. ಮರುದಿನ ಅಂಗಳದಲ್ಲಿ ಅದೇ ಕುಣಿತ. ಅದೇ ಮಗು ರಸ್ತೆಯಲ್ಲಿ ಬೈಕಿನಿಂದ ಬಿದ್ದವನ ಹಣೆಯಿಂದ ಸುರಿಯುವ ರಕ್ತ ಕಂಡರೆ ಮೂರು ರಾತ್ರಿ ಮಲಗುವುದಿಲ್ಲ.

ಈಗ 'ದಿ ಪ್ಯಾಶನ್' ಚಿತ್ರಕ್ಕೆ ಮರಳೋಣ. ಮೇಲೆ ಹೇಳಿದ ಎಲ್ಲ ಉಪಾಯಗಳನ್ನೂ ಗಿಬ್ಸನ್ ಬೇಡವೆಂದರು. ರಕ್ತವನ್ನು ಕಂದು ಮಾಡಲಿಲ್ಲ, ಗಾಯವನ್ನು ಜ್ವಾಲೆಯ ಹಿಂದೆ ಮರೆಮಾಡಲಿಲ್ಲ, ಪಾತ್ರ ರಾಕ್ಷಸನದ್ದಂತೂ ಅಲ್ಲ. ಹಸಿ ಗಾಯ, ಮನುಷ್ಯನ ಮೈ, ದೀರ್ಘ ಹೊತ್ತು. ಕೀತ್ ವ್ಯಾಂಡರ್‌ಲಾನ್ ಮತ್ತು ಕ್ರಿಸ್ಟಿಯನ್ ಟಿನ್ಸ್‌ಲಿ ಇದರ ಮೇಕಪ್ ಮುಖ್ಯಸ್ಥರು. ಇಬ್ಬರೂ ಈ ಕೆಲಸಕ್ಕಾಗಿ ಆಸ್ಕರ್‌ಗೆ ನಾಮನಿರ್ದೇಶನಗೊಂಡರು. ಅವರ ಮುಂದಿದ್ದ ಕಷ್ಟ ಊಹಿಸಿಕೊಳ್ಳಿ. ಚಿತ್ರಗಳನ್ನು ಕಥೆಯ ಕ್ರಮದಲ್ಲಿ ತೆಗೆಯುವುದಿಲ್ಲ. ಇಂದು ಗೊಲ್ಗೊಥಾ, ನಾಳೆ ಪಿಲಾತನ ಅರಮನೆ. ಮೈಮೇಲಿನ ಪ್ರತಿ ಗಾಯವೂ ಪ್ರತಿದಿನ ಅದೇ ಜಾಗದಲ್ಲಿ, ಅದೇ ಉದ್ದದಲ್ಲಿ, ಆ ದೃಶ್ಯಕ್ಕೆ ಸಲ್ಲುವ ಹಂತದಲ್ಲಿ ಇರಬೇಕು. ಕೈಯಿಂದ ಬರೆಯುತ್ತ ಕುಳಿತರೆ ಸೂರ್ಯ ಮುಳುಗುತ್ತಾನೆ. ಟಿನ್ಸ್‌ಲಿ ಇದಕ್ಕೆ ಕಂಡುಕೊಂಡ ಉಪಾಯ, ಚ್ಯೂಯಿಂಗ್ ಗಮ್ ಜೊತೆ ಮಕ್ಕಳಿಗೆ ಸಿಗುವ, ನೀರು ಹಚ್ಚಿ ಕೈಗೆ ಅಂಟಿಸುವ ಟ್ಯಾಟೂವಿನಂಥದ್ದೇ. ಗಾಯಗಳನ್ನು ಮೊದಲೇ ಅಚ್ಚಿನಲ್ಲಿ ಎರಕ ಹೊಯ್ದು ಕಾಗದದ ಮೇಲೆ ತಯಾರಿಸಿಟ್ಟು, ಚರ್ಮಕ್ಕೆ ಒತ್ತಿ ನೀರು ಸವರಿ ಕಾಗದ ಎಳೆಯುವುದು. ಉಬ್ಬಿದ ಗಾಯ ಮೈಗೆ ಹತ್ತಿಕೊಳ್ಳುತ್ತದೆ. ಅವರ ಹೆಸರಿನಿಂದಲೇ ಕರೆಯಲಾಗುವ ಈ ವಿಧಾನಕ್ಕೆ 2008ರಲ್ಲಿ ಅಕಾಡೆಮಿಯ ತಾಂತ್ರಿಕ ಪ್ರಶಸ್ತಿ ದೊರೆಯಿತು.

2004ರ ಫೆಬ್ರವರಿ 25, ವಿಭೂತಿ ಬುಧವಾರದಂದು ಚಿತ್ರ ಅಮೆರಿಕದಲ್ಲಿ 'ಆರ್' ದರ್ಜೆಯೊಂದಿಗೆ ತೆರೆಕಂಡಿತು. ಅಂದರೆ ಅಲ್ಲಿ ಹತ್ತು ವರ್ಷದ ಮಗು ಅಪ್ಪನ ಜೊತೆ ಬಂದು ನೋಡಬಹುದು. ಬ್ರಿಟನ್ನಿನಲ್ಲಿ 18. ಅಪ್ಪ ಬಂದರೂ ಮಗುವಿಗೆ ಪ್ರವೇಶವಿಲ್ಲ. ನಮ್ಮಲ್ಲಿ 'ಎ', ಅದೂ ಹಾಗೆಯೇ. ಚಿತ್ರೀಕರಣ ನಡೆದ ಇಟಲಿಯಲ್ಲಿ ಮಾತ್ರ ಎಲ್ಲರಿಗೂ ಮುಕ್ತ! ಗಾಯಗಳು ಅವೇ, ಅಂಟು ಅದೇ. ಶಿಲುಬೆಯ ಮೇಲಿನ ರಕ್ತವನ್ನು ಶತಮಾನಗಳಿಂದ ಚರ್ಚ್‌ಗಳ ಗೋಡೆಯ ಮೇಲೆ ನೋಡುತ್ತ ಬಂದ ಇಟಲಿಯವರಿಗೆ ಅದು ಬೇರೆಯಾಗಿ ಕಂಡಿತೇನೋ. ಇದು ನಮ್ಮ ಊಹೆ ಅಷ್ಟೆ.

ಮುಂದೆ ನಡೆದದ್ದೇ ನಮ್ಮ ವಿಷಯಕ್ಕೆ ಮುಖ್ಯ. ಕಿರಿಯರೂ ಹಿರಿಯರೂ ನೋಡುವಂತಾಗಲಿ ಎಂದು ಗಿಬ್ಸನ್ 2005ರ ಮಾರ್ಚ್‌ನಲ್ಲಿ ಐದಾರು ನಿಮಿಷಗಳ ಕ್ರೂರ ದೃಶ್ಯಗಳನ್ನು, ಮುಖ್ಯವಾಗಿ ಕೊರಡೆಯ ಏಟಿನವನ್ನು, ತೆಗೆದು 'ದಿ ಪ್ಯಾಶನ್ ರೀಕಟ್' ಹೊರತಂದರು. ಪಿಜಿ-13 ಸಿಕ್ಕೀತೆಂಬ ನಿರೀಕ್ಷೆ ಇತ್ತು. ಮಂಡಳಿ ಒಪ್ಪಲಿಲ್ಲ, ಚಿತ್ರ ದರ್ಜೆಯಿಲ್ಲದೆಯೇ ಬಿಡುಗಡೆಯಾಯಿತು. ಕತ್ತರಿ ಏಕೆ ಕೆಲಸ ಮಾಡಲಿಲ್ಲ? ನಮಗೆ ಕಾಣುವ ಕಾರಣ ಇದು: ಏಟನ್ನು ಕತ್ತರಿಸಬಹುದು, ಏಟಿನ ಗುರುತನ್ನು ಕತ್ತರಿಸಲಾಗದು. ಕೊರಡೆಯ ದೃಶ್ಯ ಮುಗಿದ ಮೇಲೂ ಆ ಮೈ ತೆರೆಯ ಮೇಲೆಯೇ ಇರುತ್ತದೆ. ಪಿಲಾತನ ಮುಂದೆ, ಬೀದಿಯಲ್ಲಿ, ತಾಯಿ ಮರಿಯಳ ಎದುರು, ಶಿಲುಬೆಯ ಮೇಲೆ. ಮೇಕಪ್ ಆ ಚಿತ್ರದ ಒಂದು ದೃಶ್ಯವಾಗಿರಲಿಲ್ಲ, ಅರ್ಧ ಚಿತ್ರವೇ ಆಗಿತ್ತು. ಅದನ್ನು ತೆಗೆಯಬೇಕಾದರೆ ಬೇರೆಯೇ ಚಿತ್ರ ತೆಗೆಯಬೇಕಿತ್ತು. ಮೇಕಪ್ ಮೇಜಿನ ಮೇಲೆ ಆದ ತೀರ್ಮಾನವನ್ನು ಸಂಕಲನದ ಮೇಜಿನ ಮೇಲೆ ತಿದ್ದಲು ಸಾಧ್ಯವಾಗಲಿಲ್ಲ.

ಅದೇ ಟಿನ್ಸ್‌ಲಿಯವರ ಕೈಕೆಲಸವನ್ನು ನಮ್ಮವರು ಇನ್ನೊಂದು ಮುಖದ ಮೇಲೂ ನೋಡಿದ್ದಾರೆ ಎಂಬುದು ಅನೇಕರಿಗೆ ತಿಳಿದಿರಲಿಕ್ಕಿಲ್ಲ. 2009ರ ಹಿಂದಿ ಚಿತ್ರ 'ಪಾ'ದಲ್ಲಿ ಅಮಿತಾಭ್ ಬಚ್ಚನ್‌ರನ್ನು ಪ್ರೊಜೇರಿಯಾ ಕಾಯಿಲೆಯ ಶಾಲಾ ಹುಡುಗನನ್ನಾಗಿ ಮಾಡಿದ್ದು ಅವರು ಮತ್ತು ಡೊಮಿನಿ ಟಿಲ್. ಇಬ್ಬರಿಗೂ ರಾಷ್ಟ್ರಪ್ರಶಸ್ತಿ ಬಂತು. ಕೂದಲಿಲ್ಲದ ದೊಡ್ಡ ತಲೆ, ಉಬ್ಬಿದ ನರಗಳು, ಮುದುಡಿದ ಚರ್ಮ. ಆದರೂ ಆ ಹುಡುಗನನ್ನು ಕಂಡು ಮಕ್ಕಳು ಹೆದರುವುದಿಲ್ಲ. ಕಾಯಿಲೆಯ ಮುಖವನ್ನು ಕರುಣೆ ಹುಟ್ಟುವಷ್ಟು ನಿಜ ಮಾಡಿ, ಅಸಹ್ಯ ಹುಟ್ಟುವ ಮೊದಲೇ ಕೈ ನಿಲ್ಲಿಸಿದ್ದಾರೆ. ಯಾವ ವಯಸ್ಸಿನವರು ನೋಡುತ್ತಾರೆಂದು ತಿಳಿದ ಕೈ ಅದು.

ಈಗ ಚಿತ್ರಮಂದಿರದ ಬಾಗಿಲಲ್ಲಿ ಟಿಕೆಟ್ ನೋಡುವವನಿಗಿಂತ ಮನೆಯ ಮೊಬೈಲ್ ಫೋನೇ ದೊಡ್ಡ ಬಾಗಿಲು. ಒಟಿಟಿ ವೇದಿಕೆಗಳು 2021ರ ನಿಯಮದಂತೆ ವಯಸ್ಸಿನ ದರ್ಜೆಯನ್ನು ತಾವೇ ಹಾಕಿ, 13 ಮೇಲ್ಪಟ್ಟ ದರ್ಜೆಗಳಿಗೆ ಪೋಷಕರ ಬೀಗದ ಸೌಲಭ್ಯ ಕೊಡಬೇಕು. ಬೀಗ ಇದೆ, ಹಾಕುವವರು ಕಡಿಮೆ.

ಇನ್ನು ಯಾವ ಮಂಡಳಿಯೂ ನೋಡದ ಒಂದು ಮೇಕಪ್ ಇದೆ. ಶುಭ ಶುಕ್ರವಾರ ನಮ್ಮ ಚರ್ಚ್ ಮೈದಾನಗಳಲ್ಲಿ ಯುವಜನರು ನಡೆಸುವ ಜೀವಂತ ಶಿಲುಬೆಯ ಹಾದಿಯದ್ದು. ಹಿಂದೆ ಕೆಂಪು ಬಣ್ಣದ ನೀರು ಚಿಮುಕಿಸಿದರೆ ಆಗುತ್ತಿತ್ತು. ದೂರದಿಂದ ಕುಂಕುಮದಂತೆ ಕಾಣುತ್ತಿತ್ತು, ಯಾರೂ ಮೂರ್ಛೆ ಹೋಗುತ್ತಿರಲಿಲ್ಲ. 'ದಿ ಪ್ಯಾಶನ್' ನೋಡಿದ ಮೇಲೆ ನಮ್ಮ ಹುಡುಗರಿಗೂ ಅದೇ ಗಾಯ ಬೇಕು. ಅಂಟು, ಹತ್ತಿ, ಪಾಕ ಎಲ್ಲ ಬಂದಿದೆ. ಒಂದು ಕಡೆ ನಾವು ನೋಡುತ್ತಿದ್ದಂತೆಯೇ ಮುಂದಿನ ಚಾಪೆಯಲ್ಲಿ ಕುಳಿತಿದ್ದ ನಾಲ್ಕೈದು ವರ್ಷದ ಮಗುವೊಂದು, ಯೇಸುವಿನ ಪಾತ್ರ ಮಾಡಿದ ತನ್ನ ಚಿಕ್ಕಪ್ಪನ ಬೆನ್ನು ಕಂಡು ಕಿರುಚಿ ಅತ್ತಿತು. ರೂಪಕ ಮುಗಿದ ಮೇಲೆ ಆ ಯುವಕ ಹಿಂದಿನ ನಲ್ಲಿಯ ಬಳಿ ಬೆನ್ನು ತೊಳೆದುಕೊಳ್ಳುವಾಗ ಮಗುವನ್ನು ಕರೆತಂದರು. ಪಾಕ ಇಳಿದು ಚರ್ಮ ಕಾಣುವವರೆಗೂ ಅದು ಹತ್ತಿರ ಬರಲಿಲ್ಲ. ಆಮೇಲೆ ಬಂದು ಬೆರಳಿನಿಂದ ಮುಟ್ಟಿ, "ನೋವುಂಟಾ?" ಎಂದು ಕೇಳಿತು. ಮರುವರ್ಷ ಅಲ್ಲಿಯವರು ಕೊರಡೆಯ ದೃಶ್ಯವನ್ನು ಬಿಳಿ ಬಟ್ಟೆಯ ಹಿಂದೆ, ನೆರಳಿನಲ್ಲಿ ಮಾಡಿದರು.